ಮೇವು ಹೆಚ್ಚಾದ ಊರು

ಸಮಾಜಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ನಾನು ಊರಿಗೆ ಮರಳಿದ ವರ್ಷವೇ ಮುಂಗಾರು ಕೈಕೊಟ್ಟಿತು. ಹಿಂಗಾರು ಎರಡು ದಿನ ಹನಿದು, ಬಿತ್ತುವ ಆಸೆ ಹುಟ್ಟಿಸಿ, ತಿರುಗಿ ನೋಡಲಿಲ್ಲ. ಸರ್ಕಾರದ ಮೇಲೆ ಸಿಟ್ಟಾಗುವುದಕ್ಕೆ ನನಗೆ ಮಳೆಯ ನೆಪವೂ ಬೇಕಿರಲಿಲ್ಲ. ಬರ ಘೋಷಣೆ ಯಾಕೆ ತಡವಾಯಿತು, ಟ್ಯಾಂಕರು ಯಾರ ಓಣಿಗೆ ಮೊದಲು ಹೋಗುತ್ತದೆ, ಕಾಲುವೆಯ ನೀರು ನಮ್ಮ ಎತ್ತರದ ಹೊಲಗಳಿಗೆ ಯಾವ ಜನ್ಮದಲ್ಲಿ ಹತ್ತುತ್ತದೆ ಎಂದು ಪತ್ರಿಕೆಗಳ ಓದುಗರ ಅಂಕಣಕ್ಕೆ ವಾರಕ್ಕೊಂದು ಪತ್ರ ಬರೆಯುತ್ತಿದ್ದೆ. ಅವುಗಳಲ್ಲಿ ಕೆಲವು ಅಚ್ಚಾದವು. ಅಚ್ಚಾದದ್ದನ್ನು ಓದಿದವರಲ್ಲಿ ಒಬ್ಬರು ತಹಶೀಲ್ದಾರರಾಗಿದ್ದರು. ಬರದ ಕೆಲಸಕ್ಕೆ ತಾತ್ಕಾಲಿಕ ಸಿಬ್ಬಂದಿ ಬೇಕಾಗಿದ್ದಾರೆ, ದೂರದಿಂದ ಕಲ್ಲೆಸೆಯುವ ಬದಲು ಒಳಗೆ ಬಂದು ನೋಡಬಹುದಲ್ಲ ಎಂದು ಆ ತಾಯಿ ಫೋನಿನಲ್ಲಿ ಕೇಳಿದರು. ಕೇಳಿದ ಧಾಟಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಕೆರಳಿಸಿತು, ಹೋದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರಲ್ಲಿ ಅದು ಯಾವ ತಾಲ್ಲೂಕು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಒಂದು ಕಚೇರಿಯ ಮೇಲೆ ಬೆರಳು ಮಾಡಿದಂತಾಗುತ್ತದೆ. ಆದರೆ ನಾನು ತುಂಬಿದ ನಮೂನೆಯನ್ನೇ ಆ ವರ್ಷ ನಾಲ್ಕೂ ಕಡೆ ತುಂಬುತ್ತಿದ್ದರು. ಇಂಡಿಯ ನಿಂಬೆ ತೋಟಗಳ ನಡುವೆ, ಮಸೂತಿ ಎಂಬ ಊರಿನ ದಾರಿಯಲ್ಲಿ, ನನ್ನ ಸೋದರತ್ತೆಯ ಊರಾದ ಯಂಕಂಚಿಯಲ್ಲಿ ಅದೇ ಹಾಳೆ ಹಿಡಿದ, ನನ್ನಂಥವರೇ ತಿರುಗುತ್ತಿದ್ದರು.

ಒಳಗೆ ಹೋದಾಗ ನಾನು ನಿರೀಕ್ಷಿಸಿದ್ದು ಖಾಲಿ ಕಡತಗಳನ್ನು. ಕಂಡದ್ದು ದಪ್ಪನೆಯ ಯೋಜನೆ. ಬರ ಬಂದರೆ ಯಾವ ಖಾಸಗಿ ಕೊಳವೆಬಾವಿಯನ್ನು ಬಾಡಿಗೆಗೆ ಪಡೆಯಬೇಕು, ಯಾವ ಊರಿಗೆ ಯಾವ ದಾರಿಯಿಂದ ಟ್ಯಾಂಕರು ಹೋಗಬೇಕು, ಮೇವಿನ ಬೀಜದ ಕಿಟ್ಟು ಯಾರಿಗೆ, ಉದ್ಯೋಗ ಖಾತರಿಯಲ್ಲಿ ಯಾವ ಕೆರೆಯ ಹೂಳು ಎಂದು ಊರುವಾರು ಬರೆದಿಟ್ಟಿದ್ದರು. ಬರೆದವರು ಮಧ್ಯಾಹ್ನದ ಊಟದ ಡಬ್ಬಿಯನ್ನು ಸಂಜೆ ನಾಲ್ಕಕ್ಕೆ ಬಿಚ್ಚುವ ಜನ. ಒಬ್ಬ ತಲಾಟಿಗೆ ಮೂರು ಊರು. ಹೊಸ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ ಎಂದಿದ್ದರೂ ನಮ್ಮ ಕಡೆ ಅವರು ಇನ್ನೂ ತಲಾಟಿಯೇ. ನನ್ನ ಜೊತೆಗೆ ಹಾಕಿದ ತಲಾಟಿ ಮುದ್ದೇಬಿಹಾಳ ಕಡೆಯವರು, ಮಿತಭಾಷಿ. ಅವರ ಬೈಕಿನ ಹಿಂದೆ ಕುಳಿತು ನಾನು ಒಂದೂವರೆ ತಿಂಗಳು ತಿರುಗಿದೆ. ಮೊದಲ ವಾರದಲ್ಲಿ ಅವರನ್ನು ಪ್ರಶ್ನೆಗಳಿಂದ ಹಣಿಯಲು ನೋಡಿದೆ. ಎರಡನೆಯ ವಾರದ ಹೊತ್ತಿಗೆ ಅವರ ಮೊಬೈಲಿಗೆ ಚಾರ್ಜು ಹಾಕಿಕೊಡುವ, ಅವರ ಪರವಾಗಿ ಮೇಲಿನ ಕಚೇರಿಯ ಫೋನಿಗೆ ಉತ್ತರಿಸುವ ಕೆಲಸವೂ ನನ್ನದಾಯಿತು.

ನಮ್ಮ ಪಾಲಿನ ಕೆಲಸ ಮೇವಿನ ಅಂದಾಜು. ಪ್ರತಿ ಊರಿನಲ್ಲಿರುವ ಮೇವು ಅಲ್ಲಿನ ದನಕರುಗಳಿಗೆ ಇನ್ನು ಎಷ್ಟು ವಾರ ಸಾಕು ಎಂದು ಹೇಳಬೇಕು. ವಾರ ಕಡಿಮೆಯಾದ ಊರಿಗೆ ಮೇವಿನ ಕೇಂದ್ರ ಬರುತ್ತದೆ. ಅದು ಕಡಿಮೆ ದರಕ್ಕೆ ಮೇವು ಸಿಗುವ ಸರ್ಕಾರಿ ದಾಸ್ತಾನು. ಲೆಕ್ಕ ಮಾಡುವುದು ಯಂತ್ರ. ಯಂತ್ರಕ್ಕೆ ಬೇಕಾದದ್ದು ಬಿತ್ತನೆಯ ವಿಸ್ತೀರ್ಣ. ಇಲ್ಲಿಯೇ ನನ್ನ ಮೊದಲ ಆಕ್ಷೇಪ ಹುಟ್ಟಿತು, ಅದನ್ನು ಇಂದಿಗೂ ಹಿಂತೆಗೆದುಕೊಂಡಿಲ್ಲ. ಯಂತ್ರ ಬಿತ್ತಿದ್ದನ್ನು ಎಣಿಸುತ್ತದೆ, ಬೆಳೆದದ್ದನ್ನಲ್ಲ. ಎರೆಭೂಮಿಯಲ್ಲಿ ಜೋಳ ಮೊಣಕಾಲೆತ್ತರ ಬಂದು ಸುರುಟಿ ನಿಂತಿದ್ದರೂ ದಾಖಲೆಯಲ್ಲಿ ಅದು ಜೋಳವೇ. ಜೋಳವಿದ್ದ ಮೇಲೆ ಅದರ ದಂಟು, ಅಂದರೆ ಕಣಿಕಿ, ಇರಲೇಬೇಕು. ಈ ಕುರುಡನ್ನು ತಿದ್ದುವುದಕ್ಕೆಂದೇ ನಮೂನೆಯ ಕೊನೆಗೆ ಒಂದು ಅಂಕಣವಿತ್ತು: ಊರಿನ ಒಬ್ಬ ಜಾನುವಾರು ಸಾಕಣೆದಾರರ ಹೇಳಿಕೆ. ಊರಿಗೊಂದು. ಯಂತ್ರ ಸುಳ್ಳು ಹೇಳಿದರೆ ಮನುಷ್ಯರು ನಿಜ ಹೇಳಲಿ ಎಂದು ಯೋಜನೆ ಮಾಡಿದವರು ಬಿಟ್ಟ ಜಾಗ ಅದು. ಅವರ ಸದುದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಆ ಜಾಗವನ್ನು ಹಾಳು ಮಾಡಿದವಳು ನಾನು.

ಕಾಲುವೆಯ ಮೇಲ್ಭಾಗದ ಒಂದು ಊರಿಗೆ ನಾವು ಹೋದದ್ದು ಬಿಸಿಲು ಏರಿದ ಹೊತ್ತಿಗೆ. ಆಲಮಟ್ಟಿಯ ನೀರು ಆ ಊರಿನ ಕೆಳಗಿನಿಂದ ಹಾದುಹೋಗುತ್ತದೆ. ಆ ವರ್ಷ ಕುಡಿಯಲು ಕಾಯ್ದಿಡಬೇಕೆಂದು ಕಾಲುವೆಯನ್ನೇ ಬಂದ್ ಮಾಡಿದ್ದರು. ಊರಿನ ಅಂಚಿನ ಮನೆಯಲ್ಲಿ ಅರವತ್ತೈದು ದಾಟಿದ ಒಬ್ಬ ಹೆಂಗಸಿದ್ದರು. ಹೆಣ್ಣುಮಕ್ಕಳು ಮದುವೆಯಾಗಿ ಪಕ್ಕದ ಊರುಗಳಲ್ಲೇ ಇದ್ದರು, ವಾರಕ್ಕೊಮ್ಮೆ ಬಂದು ಜಗಳವಾಡಿ ರೊಟ್ಟಿ ತಿಂದು ಹೋಗುತ್ತಿದ್ದರು. ಆ ಹೆಂಗಸಿನ ಜೀವನ ನಡೆಯುತ್ತಿದ್ದುದು ಒಂದು ಎಮ್ಮೆಯ ಮೇಲೆ. ಮೊಸರು ಮಾಡಿ ಗಡಿಗೆಯಲ್ಲಿ ಊರೊಳಗೆ ಮಾರುತ್ತಿದ್ದರು. ಅವರ ಮೊಸರಿಲ್ಲದೆ ಆ ಊರಿನ ಯಾವ ಸೀಮಂತವೂ ಮುಗಿಯುವುದಿಲ್ಲವೆಂದು ತಾವೇ ಹೇಳಿಕೊಂಡರು. ಎಮ್ಮೆ ಗಬ್ಬವಾಗಿತ್ತು. ಈಯಲು ಇನ್ನೆರಡು ತಿಂಗಳು. ನಾನು ಅವರನ್ನು ಆಯಿ ಎಂದೆ, ನಮ್ಮ ಕಡೆ ಅಜ್ಜಿಯನ್ನು ಕರೆಯುವ ಹಾಗೆ.

ಹೇಳಿಕೆಗೆ ಅವರನ್ನೇ ಆರಿಸಿದೆವು. ಮೇವು ಹೇಗಿದೆ ಎಂದು ಕೇಳಿದೆ. ಆಯಿ ಒಳಗೆ ಕುಂಕುಮದ ಭರಣಿಯಿದ್ದ ಗೂಡಿನ ಕಡೆಗೊಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು.

“ಕಣಿಕಿ ಹೆಚ್ಚಾಗೈತವ್ವಾ. ಭಾಳ ಅಂದ್ರ ಇನ್ನ ಹದಿನೈದ ದಿನ. ಜ್ವಾಳಾನೂ ಹೆಚ್ಚಾಗ್ಯಾವು.”

ನಮ್ಮ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಳೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಾಯಿತು ಎನ್ನುತ್ತೇವೆ. ಕುಂಕುಮ ತೀರಿತು ಎನ್ನುವುದಿಲ್ಲ, ಹೆಚ್ಚಾಯಿತು ಎನ್ನುತ್ತೇವೆ. ಮನೆಯನ್ನು ಕಾಯುವ ವಸ್ತುಗಳ ವಿಷಯದಲ್ಲಿ ‘ಇಲ್ಲ’ ಎಂಬ ಮಾತು ಬಾಯಿಂದ ಬಿದ್ದರೆ ಅದು ಮನೆಯಲ್ಲೇ ಉಳಿದುಬಿಡುತ್ತದೆ ಎಂಬ ಅಂಜಿಕೆ. ಜೋಳಕ್ಕೆ ಆ ಮರ್ಯಾದೆ ನಮ್ಮ ಮನೆಯಲ್ಲೂ ಇತ್ತು. ಆಯಿ ಅದನ್ನು ಕಣಿಕಿಗೂ ಕೊಟ್ಟಿದ್ದರು, ಯಾಕೆಂದರೆ ಅವರ ಮನೆಯನ್ನು ಕಾಯುತ್ತಿದ್ದುದು ಎಮ್ಮೆ. ಮೇವು ಮುಗಿಯುತ್ತ ಬಂದಿದೆ, ಹದಿನೈದು ದಿನಕ್ಕಷ್ಟೇ ಇದೆ ಎಂದು ಅವರು ಹೇಳಿದ್ದು ನನಗೆ ಪೂರ್ತಿ ತಿಳಿಯಿತು. ಪಕ್ಕದಲ್ಲಿ ನಿಂತು ಪಹಣಿ ನೋಡುತ್ತಿದ್ದ ತಲಾಟಿಗೂ ತಿಳಿಯಿತು. ಇಬ್ಬರಿಗೂ ತಿಳಿದದ್ದೇ ಅನರ್ಥಕ್ಕೆ ಮೂಲವಾಯಿತು. ತಿಳಿಯದವರಾಗಿದ್ದರೆ, ಏನಮ್ಮಾ ಹಾಗೆಂದರೆ ಎಂದು ಒಮ್ಮೆ ಕೇಳುತ್ತಿದ್ದೆವು.

ಮಾತನಾಡಿದವರ ಮಾತನ್ನು ಮಾತನಾಡಿದ ಹಾಗೆಯೇ ಬರೆದುಕೊಳ್ಳಬೇಕು, ಬಡವರ ನುಡಿಯನ್ನು ತಿದ್ದುವುದು ಒಂದು ಬಗೆಯ ದಬ್ಬಾಳಿಕೆ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದಿದ್ದೆ. ಅಂಕಣ ಚಿಕ್ಕದಿತ್ತು. ‘ಕಣಿಕಿ ಹೆಚ್ಚಾಗೈತಿ, ಜ್ವಾಳಾನೂ ಹೆಚ್ಚಾಗ್ಯಾವು’ ಎಂದು ಅಕ್ಷರ ಬಿಡದೆ ಬರೆದೆ. ಹದಿನೈದು ದಿನದ ಮಾತಿಗೆ ಜಾಗ ಸಾಲಲಿಲ್ಲ. ಅದನ್ನು ಹಾಳೆಯ ಹಿಂಬದಿಗೆ ಬರೆದೆ. ಹಿತ್ತಲಿನ ಫೋಟೋ ತೆಗೆದೆ. ಅಲ್ಲಿ ಒಲೆಗೆಂದು ಒಟ್ಟಿದ್ದ ತೊಗರಿ ಕಟ್ಟಿಗೆಯ ರಾಶಿಯಿತ್ತು. ಅದನ್ನು ಯಾವ ದನವೂ ತಿನ್ನುವುದಿಲ್ಲ. ದೂರದಿಂದ ತೆಗೆದ ಫೋಟೋದಲ್ಲಿ ಅದು ಎದೆಯೆತ್ತರದ ಬಣವೆಯ ಹಾಗೆ ಕಾಣುತ್ತದೆಂದು ಆಗ ನನಗೆ ಹೊಳೆಯಲಿಲ್ಲ.

ಹೊರಡುವಾಗ ಆಯಿ ನನ್ನನ್ನು ತಡೆದು ಒಂದೇ ಮಾತು ಕೇಳಿದರು, ಮೇವು ಯಾವಾಗ ಬರುತ್ತದೆ ಎಂದು. ಕೆಳಗಿನ ಊರಿನ ದೂರದ ಸಂಬಂಧಿಯೊಬ್ಬ ಎಮ್ಮೆಯನ್ನು ಪಾಲಿಗೆ ಕೇಳುತ್ತಿದ್ದ. ಪಾಲಿಗೆ ಕೊಡುವುದೆಂದರೆ, ಅವನು ಮೇಯಿಸಿ ನೋಡಿಕೊಳ್ಳುತ್ತಾನೆ. ಈದ ಮೇಲೆ ಕರು ಅವನದು, ಒಂದು ಸೂಲಿನ ಹಾಲೂ ಅವನದು. ಎಮ್ಮೆ ಉಳಿಯುತ್ತದೆ, ವರ್ಷದ ಬದುಕು ಹೋಗುತ್ತದೆ. ಹದಿನೈದು ದಿನ ಕಾಯುವೆ, ಅದರಾಚೆ ಗಬ್ಬದ ಎಮ್ಮೆಯನ್ನು ಹಸಿವಿಗೆ ಕಟ್ಟುವ ಪಾಪ ನನ್ನಿಂದಾಗದು ಎಂದರು. ನಾನು ಹತ್ತು ದಿನದೊಳಗೆ ಬರುತ್ತದೆ ಎಂದು ಭಾಷೆ ಕೊಟ್ಟೆ. ಹಾಗೆ ಭಾಷೆ ಕೊಡುವ ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ. ತಲಾಟಿ ಬೈಕಿನ ಕಿಕ್ ಹೊಡೆಯುತ್ತ, ನನ್ನ ಕಡೆ ನೋಡದೆಯೇ, ಇಷ್ಟು ವರ್ಷದಲ್ಲಿ ತಾನು ಯಾರಿಗೂ ದಿನ ಹೇಳಿಲ್ಲ ಎಂದರು.

ಹತ್ತನೆಯ ದಿನ ಊರಿಗೆ ಲಾರಿ ಬಂತು.

ನಾನೂ ತಲಾಟಿಯೂ ಬೇರೆ ಕೆಲಸಕ್ಕೆ ಅದೇ ಊರಿನ ಪಂಚಾಯಿತಿ ಕಟ್ಟೆಯಲ್ಲಿದ್ದೆವು. ಲಾರಿ ಕಂಡದ್ದೇ ಹೆಂಗಸರು ಹಗ್ಗ, ಗೋಣಿ ಹಿಡಿದು ಬಂದರು. ಆಯಿ ಎಲ್ಲರಿಗಿಂತ ಮುಂದೆ. ನನ್ನ ಎದೆ ಉಬ್ಬಿತ್ತು. ಪಾಲಿಗೆ ಕೇಳಿದ ಸಂಬಂಧಿಗೆ ಇನ್ನು ಬೇರೆ ಎಮ್ಮೆ ನೋಡಿಕೊಳ್ಳಲು ಹೇಳಿರಿ ಎಂದು ಅಲ್ಲಿಂದಲೇ ಆಯಿಗೆ ಹೇಳಿದೆ. ಲಾರಿಯ ಹಿಂಬದಿಯ ಹಲಗೆ ಇಳಿಸಿದಾಗ ಒಳಗೆ ಎರಡು ತೂಕದ ಕಲ್ಲು, ಒಂದು ತಕ್ಕಡಿ, ಸುತ್ತಿಟ್ಟ ತಾಡಪತ್ರಿ ಬಿಟ್ಟರೆ ಏನೂ ಇರಲಿಲ್ಲ. ಗುತ್ತಿಗೆದಾರನ ಕಡೆಯ ಮನುಷ್ಯ ಇಳಿದು, ಕೈಯಲ್ಲಿದ್ದ ಆದೇಶದ ಪ್ರತಿ ನೋಡಿ, ಮೇವು ಹೆಚ್ಚಿರುವ ಊರು ಇದೇ ಹೌದೋ ಎಂದು ವಿಚಾರಿಸಿದ. ಪಕ್ಕದ ಹೋಬಳಿಯ ಮೇವಿನ ಕೇಂದ್ರಕ್ಕೆ ಇಲ್ಲಿಂದ ಖರೀದಿಸಿ ಒಯ್ಯಲು ಬಂದಿದ್ದ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಸಾಲಿನ ಹೆಂಗಸೊಬ್ಬರು ನಗಲು ಶುರು ಮಾಡಿದರು.

“ನಿಂದರೋ ತಮ್ಮಾ, ಲಾರಿ ಸಣ್ಣದಾತು. ನಮ್ಮ ಊರ ಮೇವಿಗೆ ರೈಲ ತರಬೇಕಿತ್ತು.”

ನಗು ಊರಿಗೆಲ್ಲ ಹರಡಿತು. ಲಾರಿಯವನೂ ನಕ್ಕ, ಪಾಪ, ಯಾಕೆಂದು ತಿಳಿಯದೆ. ಒಬ್ಬರು ಅವನಿಗೆ ಹೊಲದಲ್ಲಿ ಸುರುಟಿ ನಿಂತ ಜೋಳ ತೋರಿಸಿ, ಅದನ್ನು ತೂಗುವುದಕ್ಕೆ ಬಂಗಾರದ ತಕ್ಕಡಿ ತಂದಿದ್ದಾನೋ ಎಂದು ಕೇಳಿದರು. ಆಯಿ ನಗಲಿಲ್ಲ. ಗೋಣಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದರು.

“ಏನ ಬರದಿದ್ದಿ ತಂಗಿ ನೀ?”

“ನೀವು ಹೇಳಿದ್ದನ್ನ ಬರದೇನಿ, ಆಯಿ. ಒಂದಕ್ಷರಾನೂ ಬಿಟ್ಟಿಲ್ಲ.”

ಹಾಗೆ ಹೇಳಿದ ಮೇಲೆ ನನ್ನದೇ ಮಾತು ನನಗೆ ಕೇಳಿಸಿತು. ತಲಾಟಿಯ ಮುಖ ನೋಡಿದೆ. ಅವರು ಆಗಲೇ ತಲೆಯ ಮೇಲೆ ಕೈಯಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು.

ಮರುದಿನ ಬೆಳಗ್ಗೆ ತಾಲ್ಲೂಕು ಕಚೇರಿಗೆ ನಾನು ಕಾಗದದ ಬದಲು ಕ್ರೋಧವನ್ನು ಹೊತ್ತು ಹೋದೆ. ನಡೆದದ್ದು ಹೀಗೆ: ನಮ್ಮ ಹಾಳೆಗಳನ್ನು ಎಲ್ಲೋ ಒಂದು ಕಡೆ ಯಾರೋ ಗಣಕಕ್ಕೆ ಏರಿಸುತ್ತಾರೆ. ಅಲ್ಲಿ ಹೇಳಿಕೆಗೆ ಮೂರೇ ಆಯ್ಕೆ, ಕೊರತೆ, ಸಾಕಷ್ಟು, ಹೆಚ್ಚು. ನನ್ನ ವಾಕ್ಯ ಓದಿದವರು ‘ಹೆಚ್ಚು’ ಒತ್ತಿದ್ದಾರೆ. ಯಂತ್ರದ ಲೆಕ್ಕವೂ ಬಿತ್ತನೆ ನೋಡಿ ಅದನ್ನೇ ಹೇಳುತ್ತಿತ್ತು. ಫೋಟೋದಲ್ಲಿ ಬಣವೆಯೂ ಇತ್ತು. ಮೂರು ಸಾಕ್ಷಿಗಳು ಒಂದಾದವು, ಗಣಕದ ಪಟ್ಟಿಯಲ್ಲಿ ಊರು ಹಸಿರು ಬಣ್ಣಕ್ಕೆ ತಿರುಗಿತು. ಹಾಳೆಯ ಹಿಂಬದಿಯನ್ನು ಯಾರೂ ತಿರುವಿ ನೋಡಿರಲಿಲ್ಲ. ಒತ್ತಿದವರು ಯಾರು ಎಂದು ಕೇಳಿದೆ. ಜಿಲ್ಲೆಗೆ ಕೇಳಬೇಕು ಎಂದರು. ಜಿಲ್ಲೆಯಲ್ಲಿ, ಅದು ಹೊರಗುತ್ತಿಗೆ ಎಂದರು. ಹೊರಗುತ್ತಿಗೆಯ ಫೋನಿನಲ್ಲಿ ಸಂಗೀತ ಬಂತು.

ತಲಾಟಿಯ ಜೊತೆ ತಹಶೀಲ್ದಾರರ ಕೋಣೆಗೆ ಹೋಗಿ, ಹೆಸರು ಬೇಕು ಎಂದೆ. ಯಾರ ಬೆರಳು ಆ ಗುಂಡಿ ಒತ್ತಿತೋ ಅವರ ಹೆಸರು, ಮೂರೇ ಆಯ್ಕೆ ಸಾಕು ಎಂದು ನಿರ್ಧರಿಸಿದವರ ಹೆಸರು, ಖಾಲಿ ಲಾರಿ ಕಳಿಸುವ ಆದೇಶಕ್ಕೆ ರುಜು ಹಾಕುವ ಮುನ್ನ ಒಮ್ಮೆ ತಲಾಟಿಗೆ ಫೋನು ಮಾಡದವರ ಹೆಸರು. ಸರ್ಕಾರದ ತಪ್ಪಿಗೆ ಎಂದೂ ಹೆಸರೇ ಇರುವುದಿಲ್ಲ, ಅದಕ್ಕೇ ಅದು ಮತ್ತೆ ಮತ್ತೆ ನಡೆಯುತ್ತದೆ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಹಾಳೆಯನ್ನು ನನ್ನ ಮುಂದಿಟ್ಟು, ‘ಹೆಚ್ಚಾಗೈತಿ’ಯ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು.

“ಇದನ್ನ ಬರೀವಾಗ ನಿಮಗ ಇದರ ಅರ್ಥ ಗೊತ್ತಿತ್ತಲ್ಲ?”

ಗೊತ್ತಿತ್ತು ಎಂದೆ.

“ಓದಾವರಿಗೆ ಗೊತ್ತಿರತೈತೇನು ಅಂತ ಯಾಕ ವಿಚಾರ ಮಾಡಲಿಲ್ಲ? ತಪ್ಪು ನಿಮ್ಮದಲ್ಲ ಅಂತ ನಾ ಹೇಳೂದಿಲ್ಲ. ನಿಮ್ಮದೂ ಐತಿ. ಪರಿಶೀಲಿಸೇನಿ ಅಂತ ಕೆಳಗ ರುಜು ಮಾಡಿದಾಕಿ ನಾ, ನಂದೂ ಐತಿ. ಹೆಸರು ಬೇಕಂದ್ರಿ. ಇವೆರಡು ಮೊದಲ ಬರೀರಿ, ಉಳಿದವು ಆಮ್ಯಾಲ ಹುಡುಕೂಣು.”

ಇಷ್ಟು ದಿನ ನಾನು ಹೊಣೆಗಾರಿಕೆ ಎಂಬ ಪದವನ್ನು ಬೇರೆಯವರ ಕಡೆಗಷ್ಟೇ ಎಸೆದಿದ್ದೆ. ಅಂದು ಬಿಳಿ ಹಾಳೆಯಲ್ಲಿ ನನ್ನ ತಪ್ಪನ್ನು ಬರೆದು, ಮೊದಲ ಬಾರಿಗೆ ಆ ಪದದ ಕೆಳಗೆ ರುಜು ಹಾಕಿದೆ. ತಹಶೀಲ್ದಾರರೂ ಹಾಕಿದರು. ತಲಾಟಿ, ಯಾರೂ ಕೇಳದೆಯೇ, ಮೂರನೆಯ ಸಾಲಿನಲ್ಲಿ ತಮ್ಮ ರುಜು ಹಾಕಿ ಪೆನ್ನು ಜೇಬಿಗಿಟ್ಟುಕೊಂಡರು.

ಆದರೆ ರುಜುಗಳಿಂದ ಊರಿನ ಬಣ್ಣ ಬದಲಾಗುವುದಿಲ್ಲ. ನಿಯಮದ ಪ್ರಕಾರ, ಹೇಳಿಕೆ ಕೊಟ್ಟವರೇ ತಿದ್ದುಪಡಿಯ ಹೇಳಿಕೆಯನ್ನೂ ಕೊಡಬೇಕು. ಬರವಣಿಗೆಯ ಮೇಲೆ ಒಮ್ಮೆ ಅನುಮಾನ ಬಂದ ಕಾರಣ ಈ ಸಲ ವಿಡಿಯೋ. ಅದರಲ್ಲಿ ‘ಮೇವು ಇಲ್ಲ’ ಎಂದು ಸ್ಪಷ್ಟವಾಗಿ ಇರಬೇಕು, ಎರಡರ್ಥಕ್ಕೆ ಎಡೆಯಿರಬಾರದು. ಅದು ಸಿಕ್ಕ ದಿನವೇ, ಗಣಕದ ಒಪ್ಪಿಗೆಗೆ ಕಾಯದೆ, ತಾನು ಸ್ವಂತ ಜವಾಬ್ದಾರಿಯ ಮೇಲೆ ಪಕ್ಕದ ಹೋಬಳಿಯ ಲೋಡನ್ನು ಆ ಊರಿಗೆ ತಿರುಗಿಸುವೆ ಎಂದು ತಹಶೀಲ್ದಾರರು ಹೇಳಿದರು. ನಾಳೆ ಯಾರಾದರೂ ಕೇಳಿದರೆ ಉತ್ತರಿಸಬೇಕಾದವರು ಅವರೊಬ್ಬರೇ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆಯಿಯ ಲೆಕ್ಕದಲ್ಲಿ ಅಂದಿಗೆ ಉಳಿದಿದ್ದುದು ನಾಲ್ಕು ದಿನ. ನಾವು ಮೂವರೂ ಹೋದೆವು. ತಹಶೀಲ್ದಾರರು ಜೀಪು ದೂರ ನಿಲ್ಲಿಸಿ ನಡೆದೇ ಬಂದರು. ಆಯಿ ಕೌದಿ ಹಾಸಿ ಕೂರಿಸಿದರು, ನೀರು ಕೊಟ್ಟರು. ಟ್ಯಾಂಕರಿನ ನೀರು, ಅದರಲ್ಲೂ ಅರ್ಧ ತಂಬಿಗೆ. ಹಿಂದೆ ಮೇವು ಹಾಕುವ ಗೋದಲಿಯ ಬಳಿ ಎಮ್ಮೆ ಮಲಗಿ ಉಸಿರು ಬಿಡುತ್ತಿತ್ತು. ಕಣಿಕಿಯನ್ನು ಕೊಡಲಿಯಲ್ಲಿ ಅಷ್ಟಷ್ಟೇ ಕಡಿದು, ಸಣ್ಣ ಸಿವುಡುಗಳಾಗಿ ಕಟ್ಟಿಟ್ಟಿದ್ದರು. ನಾನು ಫೋನು ಹಿಡಿದು, ಆಯಿ, ಮೇವು ಇಲ್ಲ ಎಂದು ಒಮ್ಮೆ ಹೇಳಿಬಿಡಿ ಎಂದೆ.

ಆಯಿ ಬಾಯಿ ಬಿಗಿದರು. ಹೆಚ್ಚಾಗೈತಿ ಎಂದು ಹೇಳಿಯಾಗಿದೆ, ಅದೇ ಮಾತು ಎಂದರು. ಅದು ಸರ್ಕಾರಕ್ಕೆ ತಿಳಿಯುವುದಿಲ್ಲ ಎಂದು ತಲಾಟಿ ಮೆಲ್ಲಗೆ ವಿವರಿಸಿದರು. ತಿಳಿಯದಿದ್ದರೆ ಕಲಿಯಲಿ, ಅಷ್ಟು ಸಾಲಿ ಕಲಿತವರಿದ್ದಾರಲ್ಲ ಎಂದು ಆಯಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ.

“ನನ್ನ ಮನಿಯಾಗ ನಿಂತು, ಗಬ್ಬದ ಎಮ್ಮಿ ಮುಂದ, ಇಲ್ಲ ಅಂತ ಹೆಂಗ ಅನ್ನಲೇ ಯವ್ವಾ? ಅದು ಕೇಳಾಕತ್ತಿರತೈತಿ.”

ಕಲಿತ ನನ್ನೊಳಗೆ ಆ ಹೊತ್ತಿಗೆ ಎರಡು ಸಿಟ್ಟು ಹುಟ್ಟಿದವು. ಒಂದು, ಒಂದು ಶಬ್ದಕ್ಕಾಗಿ ಎಮ್ಮೆಯನ್ನು ಕಳೆದುಕೊಳ್ಳಲು ಹೊರಟ ಆಯಿಯ ಮೇಲೆ. ಅದು ಬೇಗ ಕರಗಿತು. ಇನ್ನೊಂದು, ಹಸಿದವರ ಹೊಟ್ಟೆ ನೋಡಿ ನಂಬದೆ, ಅವರ ಬಾಯಿಂದಲೇ ಅಪಶಕುನ ಹೊರಡಿಸಿ ಸಾಕ್ಷಿ ಮಾಡಿಕೊಳ್ಳುವ ವ್ಯವಸ್ಥೆಯ ಮೇಲೆ. ಅದು ಕರಗಿಲ್ಲ. ಹಿತ್ತಲಿನ ಸ್ಥಿತಿಯನ್ನು ಸರ್ಕಾರದ ಕಡೆಯ ಮೂವರು ಕಣ್ಣಾರೆ ಕಂಡಿದ್ದೇವೆ, ನಮ್ಮ ಕಣ್ಣು ಯಾಕೆ ದಾಖಲೆಯಲ್ಲ ಎಂದು ತಹಶೀಲ್ದಾರರನ್ನು ಕೇಳಿದೆ. ಆಗಬೇಕು, ಆದರೆ ಅದನ್ನು ಬದಲಿಸುವ ಹೊತ್ತಿಗೆ ಎಮ್ಮೆ ಪಾಲಿಗೆ ಹೋಗಿರುತ್ತದೆ ಎಂದರು ಅವರು. ಆಯಿಯನ್ನು ಒತ್ತಾಯಿಸಬೇಡಿ ಎಂದು ಹೇಳಿ ಅವರೇ ಎದ್ದು ನಿಂತರು. ಬೇರೆ ದಾರಿ ಹುಡುಕುವೆ ಎಂದರು, ಆದರೆ ದಾರಿಯಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು.

ನಾವು ಚಪ್ಪಲಿ ಮೆಟ್ಟುತ್ತಿದ್ದಾಗ ಆಯಿ ಎದ್ದರು. ಸೆರಗು ಸರಿಮಾಡಿಕೊಂಡು, ಹೊಸ್ತಿಲು ದಾಟಿ, ಕಟ್ಟೆ ಇಳಿದು, ಅಂಗಳ ದಾಟಿ ನಡೆದೇ ಹೋದರು. ಅವರ ಜಾಗದ ಗಡಿಗೆ ನೆಟ್ಟಿದ್ದ ಕಲ್ಲಿನಾಚೆ ಡಾಂಬರು ರಸ್ತೆಯಿತ್ತು. ರಸ್ತೆಯ ನಡುಮಧ್ಯೆ ನಿಂತು ತಲಾಟಿಯನ್ನು ಕರೆದು, ಈ ರಸ್ತೆ ಯಾರದು ಎಂದು ಕೇಳಿದರು. ಲೋಕೋಪಯೋಗಿ ಇಲಾಖೆಯದು ಎಂದರು ತಲಾಟಿ. ಅಂದರೆ ಸರ್ಕಾರದ್ದೇ ಹೌದೋ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ನನಗೆ ಫೋನು ಹಿಡಿಯಲು ಸನ್ನೆ ಮಾಡಿದರು.

“ಇದು ಸರಕಾರದ ಜಾಗಾ. ಇಲ್ಲಿ ನಿಂತು ಹೇಳ್ತೇನಿ, ಬರಕೋರಿ. ಮೇವು ಇಲ್ಲ. ಇಲ್ಲ. ಇಲ್ಲ. ಈ ಮಾತು ಇಲ್ಲೇ ಇರಲಿ, ನನ್ನ ಮನಿಗಿ ಬರೂದು ಬ್ಯಾಡ.”

ಮೂರು ಸಲ ಹೇಳಿ, ಕೈ ಝಾಡಿಸಿ, ಎಡಕ್ಕೊಮ್ಮೆ ಉಗುಳಿ, ಹಿಂದಿರುಗಿ ನೋಡದೆ ಒಳಗೆ ಹೋದರು. ಎದುರಿನಿಂದ ಬಂದ ಬಸ್ಸು ಅಷ್ಟು ಹೊತ್ತು ಹಾರ್ನು ಮಾಡದೆ ನಿಂತಿತ್ತು. ತಹಶೀಲ್ದಾರರು ರಸ್ತೆಯ ಬದಿಗೆ ಜೀಪು ತರಿಸಿ, ಅದರ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಆದೇಶ ಬರೆದರು. ಹೇಳಿಕೆ ದಾಖಲಿಸಿದ ಸ್ಥಳ ಎಂಬಲ್ಲಿ ‘ಸರ್ಕಾರಿ ರಸ್ತೆ’ ಎಂದು ಬರೆದು, ನನ್ನ ಕಡೆ ನೋಡಿ, ಸರಿಯಾಗಿದೆಯೇ ಎಂದು ಕೇಳಿದರು. ಅದರ ಕೆಳಗೆ ಟಿಪ್ಪಣಿಯೊಂದನ್ನು ಸೇರಿಸಲು ನಾನು ಹಟ ಹಿಡಿದೆ: ಈ ಭಾಗದ ಮನೆಗಳಲ್ಲಿ ಜೋಳ, ಮೇವುಗಳ ಬಗ್ಗೆ ‘ಹೆಚ್ಚಾಗಿದೆ’ ಎಂದರೆ ‘ಮುಗಿಯುತ್ತಿದೆ’ ಎಂದು ತಿಳಿಯತಕ್ಕದ್ದು. ಸೇರಿಸಿದರು. ನಮೂನೆಯನ್ನೇ ಬದಲಿಸಿ, ಮೂರು ಆಯ್ಕೆಗಳ ಜಾಗದಲ್ಲಿ ಉಳಿದ ದಿನಗಳನ್ನು ಬರೆಸಿರಿ ಎಂದು ನಾನು ಆಮೇಲೆ ಮೇಲಿನವರಿಗೆ ಬರೆದ ಪತ್ರಗಳಿಗೆ ಇದುವರೆಗೆ ಸ್ವೀಕೃತಿಯ ಸಂಖ್ಯೆಯಷ್ಟೇ ಬಂದಿದೆ. ಬರೆಯುವುದನ್ನು ನಿಲ್ಲಿಸಿಲ್ಲ. ಈಗ ಪ್ರತಿ ಪತ್ರದಲ್ಲೂ ಮೊದಲು ನನ್ನ ತಪ್ಪನ್ನು ಬರೆಯುತ್ತೇನೆ, ಆಮೇಲೆ ಅವರದನ್ನು ಕೇಳುತ್ತೇನೆ.

ಲೋಡು ಮೂರನೆಯ ದಿನ ಬಂತು, ತುಂಬಿದ ಲಾರಿ. ಆಯಿಯ ಬಳಿ ಆಗ ಉಳಿದಿದ್ದುದು ಎರಡು ಸಿವುಡು. ಪಾಲಿಗೆ ಕೇಳಿದ ಸಂಬಂಧಿ ಆ ಬೆಳಗ್ಗೆಯೇ ಹಗ್ಗ ಹಿಡಿದು ಬಂದು ಕಟ್ಟೆಯ ಮೇಲೆ ಕುಳಿತಿದ್ದ. ಲಾರಿ ನೋಡಿ, ಚಹಾ ಕುಡಿದು, ಎಮ್ಮೆಯ ಬೆನ್ನು ಸವರಿ ಹೊರಟುಹೋದ. ಆದರೆ ಬಂದದ್ದು ಕಣಿಕಿಯಲ್ಲ. ಎಲ್ಲೋ ನದಿಯ ಕೆಳಗಿನ ಸೀಮೆಯಿಂದ ತರಿಸಿದ ಭತ್ತದ ಹುಲ್ಲು. ಹುಟ್ಟಿದಾಗಿನಿಂದ ಜೋಳದ ದಂಟು ಕಡಿದ ಎಮ್ಮೆ ಅದನ್ನು ಮೂಸಿ ನೋಡಿ ಮುಖ ತಿರುಗಿಸಿತು. ಹುಲ್ಲನ್ನು ಮೂಗಿನ ಕೆಳಗೆ ಹಿಡಿದರೆ ಎದ್ದು ಪಕ್ಕಕ್ಕೆ ಸರಿಯಿತು. ನನ್ನ ಕೈಯಲ್ಲಿ ‘ವಿತರಿಸಲಾಗಿದೆ’ ಎಂದು ಗುರುತು ಹಾಕಬೇಕಾದ ಹಾಳೆಯಿತ್ತು. ಗುರುತು ಹಾಕಿ ಹೊರಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಾನು ಹಾಕಲಿಲ್ಲ, ಗೋದಲಿಯ ಪಕ್ಕ ಕುಳಿತೆ.

ಆಯಿ ಒಳಗಿನಿಂದ ಉಪ್ಪು ತಂದು ತಂಬಿಗೆಯ ನೀರಿನಲ್ಲಿ ಕಲಸಿದರು. ಹುಲ್ಲಿನ ಮೇಲೆ ಚಿಮುಕಿಸಿದರು. ಉಳಿದ ಎರಡು ಸಿವುಡಿನಲ್ಲಿ ಒಂದನ್ನು ಬಿಚ್ಚಿ, ಕಣಿಕಿಯ ಚೂರುಗಳನ್ನು ಹುಲ್ಲಿನ ನಡುವೆ ಬೆರೆಸಿದರು. ಎಮ್ಮೆ ಚೂರುಗಳನ್ನಷ್ಟೇ ಆರಿಸಿ ತಿಂದಿತು. ಆಯಿ ಅದನ್ನು ಬಯ್ದರು, ಮುದ್ದು ಮಾಡಿದರು, ಸರ್ಕಾರದ ಅನ್ನ ರುಚಿಯಿರುವುದಿಲ್ಲ, ಆದರೆ ಹೊಟ್ಟೆಯೊಳಗಿನದಕ್ಕೆ ಅದು ತಿಳಿಯುವುದಿಲ್ಲ ಎಂದು ತಿಳಿಹೇಳಿದರು. ಎರಡನೆಯ ಸಿವುಡನ್ನೂ ಬಿಚ್ಚಿದರು. ಬಿಸಿಲು ಹಿತ್ತಲಿನಿಂದ ಗೋಡೆಗೆ ಏರಿತು. ತಲಾಟಿ ಎರಡು ಸಲ ಬೈಕಿನ ಹತ್ತಿರ ಹೋಗಿ ಎರಡು ಸಲವೂ ಮರಳಿ ಬಂದು ಕುಳಿತರು.

ಕಣಿಕಿಯ ಕೊನೆಯ ಚೂರು ಮುಗಿದ ಮೇಲೆ ಎಮ್ಮೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿತು. ಉಪ್ಪಿನ ಹುಲ್ಲಿನ ಎಳೆಯೊಂದನ್ನು ನಾಲಿಗೆಯಿಂದ ಎಳೆದುಕೊಂಡಿತು. ಆಮೇಲೆ ಇನ್ನೊಂದು. ದವಡೆ ಆಡತೊಡಗಿದಾಗ ಆಯಿ ನನ್ನ ಮೊಣಕೈ ಹಿಡಿದು, ಈಗ ಬರಕೋ ಎಂದರು. ನಾನು ‘ವಿತರಿಸಲಾಗಿದೆ’ಯ ಮುಂದೆ, ಹಾಳೆಯ ಹಿಂಬದಿಯಲ್ಲಲ್ಲ, ಮುಂಬದಿಯಲ್ಲೇ, ಅಂಚಿನ ಖಾಲಿ ಜಾಗದಲ್ಲಿ, ಯಾರಿಗೂ ಎರಡರ್ಥವಾಗದ ಹಾಗೆ ಬರೆದೆ: ಎಮ್ಮೆ ತಿಂದಿತು.